ಗೊಂಬೆಯನ್ನು ಮನೆಗೆ ವಾಪಸ್ ಕಳಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಸೋಮವಾರ ನನ್ನ ಮೊಮ್ಮಗಳ ಬ್ಯಾಗಿನಲ್ಲಿ ಅವಳ ಬಟ್ಟೆ ಗೊಂಬೆ ವಾಪಸ್ ಬಂತು. ಜೊತೆಗೆ ಡೈರಿಯಲ್ಲಿ ಕೆಂಪು ಪೆನ್ನಿನ ಎರಡು ಸಾಲು. ಇನ್ನು ಮೇಲೆ ಆಟದ ಸಾಮಾನು ಕಳಿಸಬೇಡಿ, ಮಗು ಬರೆಯುವ ಕಡೆ ಗಮನ ಕೊಡುತ್ತಿಲ್ಲ ಅಂತ. ಮಗುವಿಗೆ 3 ವರ್ಷ 8 ತಿಂಗಳು. ಬರೆಯುವುದು ಅಂದರೆ ಒಂದು ಪುಟ ತುಂಬ ಸ್ಟ್ಯಾಂಡಿಂಗ್ ಲೈನ್, ಇನ್ನೊಂದು ಪುಟ ತುಂಬ ಸ್ಲೀಪಿಂಗ್ ಲೈನ್. ಯಾಕಮ್ಮ ಬರೀಲಿಲ್ಲ ಅಂತ ಕೇಳಿದೆ. "ಪಾಪುಗೆ ಜ್ವರ ಇತ್ತಲ್ಲ ಅಜ್ಜಿ, ಎತ್ಕೊಂಡಿದ್ದೆ" ಅಂದಳು.

ಆ ಶಾಲೆಯ ಹೆಸರು ನಾನು ಬರೆಯುವುದಿಲ್ಲ. ಆ ಮಿಸ್ ಮೇಲೆ ನನಗೆ ಸಿಟ್ಟೂ ಇಲ್ಲ. ಒಂದು ಕೋಣೆಯಲ್ಲಿ ಅಷ್ಟು ಮಕ್ಕಳು, ತಿಂಗಳ ಕೊನೆಗೆ ಪುಸ್ತಕ ತುಂಬಿರಬೇಕು, ತುಂಬದಿದ್ದರೆ ನಮ್ಮಂಥ ಮನೆಯವರೇ ಗೇಟಿನ ಹತ್ತಿರ ನಿಂತು ಫೀಸು ಕಟ್ಟಿಲ್ವಾ ಅಂತ ಕೇಳುತ್ತೇವೆ. ಅವರ ಕಷ್ಟ ನನಗೆ ಗೊತ್ತು. ಯಾಕಂದರೆ ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ 29 ವರ್ಷ ಅಂಗನವಾಡಿ ನಡೆಸಿದವಳು. ನಾನು ಕೆಲಸಕ್ಕೆ ಸೇರಿದಾಗ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ಕಡೆ ಬಂತು. ಈಗ ರಿಟೈರ್ ಆಗಿ ನಿಟುವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಬ್ಲೌಸು ಹೊಲಿಯುತ್ತೇನೆ, ಬಿಡುವಾದಾಗ ಗೊಂಬೆ ಹೊಲಿಯುತ್ತೇನೆ.

ನಾನು ಹೇಳಬೇಕಾದ್ದು ಒಂದೇ. ಸಣ್ಣ ಮಕ್ಕಳ ತರಗತಿಯಲ್ಲಿ ಕೈಯಲ್ಲಿ ಹೊಲಿದ ಬಟ್ಟೆ ಗೊಂಬೆ ಇರಬೇಕು. ಅದು ಮಕ್ಕಳ ಕೈಗೆ ಸಿಗುವ ಜಾಗದಲ್ಲಿರಬೇಕು. ಅದರ ಜೊತೆ ಅವರಷ್ಟಕ್ಕೆ ಅವರು ಆಡೋಕೆ ದಿನಕ್ಕೆ ಒಂದು ಗಂಟೆಯಾದರೂ ಬಿಡಬೇಕು.

ಇದನ್ನು ನಾನು ಮೊದಲಿನಿಂದ ತಿಳಿದುಕೊಂಡಿರಲಿಲ್ಲ. ಮೊದಲು ನಾನೂ ಗೊಂಬೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವಳೇ. ಕೆಲಸಕ್ಕೆ ಸೇರಿ ಕೆಲವು ವರ್ಷಕ್ಕೆ ನಮ್ಮ ಕೇಂದ್ರಕ್ಕೆ ಒಂದು ಆಟಿಕೆ ಪೆಟ್ಟಿಗೆ ಬಂತು. ಅದರಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆ, ಬೆಳ್ಳಗೆ, ಕಂದು ಬಣ್ಣದ ಕೂದಲು, ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು. ಮಕ್ಕಳು ಮುಗಿಬಿದ್ದರು. ಮೂರನೇ ದಿನ ಕಾಲು ಕಿತ್ತು ಬಂತು. ಆ ಗೊಂಬೆ ಸ್ಟಾಕ್ ರಿಜಿಸ್ಟರಿನಲ್ಲಿ ಇತ್ತು. ತಪಾಸಣೆಗೆ ಬಂದವರೊಬ್ಬರು ಎಲ್ಲಿ ಇದರ ಕಾಲು, ಹೇಗೆ ಮುರೀತು, ಯಾರು ಜವಾಬ್ದಾರಿ ಅಂತ ಎಲ್ಲರ ಮುಂದೆ ಕೇಳಿದರು. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಉಳಿದ ಸಾಮಾನನ್ನೆಲ್ಲ ಕವರ್ ಸಮೇತ ಬೀರುವಿಗೆ ಸೇರಿಸಿದೆ. ಮೂರು ವರ್ಷ ಅವು ಹೊರಗೆ ಬರಲಿಲ್ಲ. ಬೀರುವಿನ ಗಾಜಿಗೆ ಮೂಗು ಒತ್ತಿ ಮಕ್ಕಳು ನೋಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಆ ಗಾಜನ್ನು ದಿನಾ ಸಂಜೆ ನಾನೇ ಒರೆಸುತ್ತಿದ್ದೆ.

ಒಂದು ಮಳೆಗಾಲದ ಮಧ್ಯಾಹ್ನ. ಹೊರಗೆ ಬಿಡೋ ಹಾಗಿರಲಿಲ್ಲ. ಒಂದು ಹುಡುಗಿ ತನ್ನ ಕೈ ಒರೆಸುವ ಟವಲ್ಲಿಗೆ ಮೇಲೊಂದು ಗಂಟು ಹಾಕಿ ತಲೆ ಮಾಡಿದಳು. ಅದನ್ನು ತೊಡೆ ಮೇಲೆ ಹಾಕಿಕೊಂಡು ತಟ್ಟತೊಡಗಿದಳು. ಗಂಟು ಪದೇ ಪದೇ ಬಿಚ್ಚಿ ಹೋಗುತ್ತಿತ್ತು, ಪದೇ ಪದೇ ಹಾಕುತ್ತಿದ್ದಳು. ನಮ್ಮ ಸಹಾಯಕಿ ಅಕ್ಕ ಅಡುಗೆ ಮನೆಯಿಂದ ನೋಡುತ್ತಿದ್ದರು. ಬಂದವರೇ ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಆ ಗಂಟಿಗೆ ನಾಲ್ಕು ಹೊಲಿಗೆ ಹಾಕಿಕೊಟ್ಟರು. ನಮ್ಮ ಕೇಂದ್ರದ ಮೊದಲ ಬಟ್ಟೆ ಗೊಂಬೆ ಅದೇ. ಯಾವ ರಿಜಿಸ್ಟರಿನಲ್ಲೂ ಅದರ ಹೆಸರಿಲ್ಲ. ಕೈ ಹರಿದರೆ ಹೊಲಿಯುತ್ತಿದ್ದೆವು, ಕಳೆದರೆ ಇನ್ನೊಂದು ಮಾಡುತ್ತಿದ್ದೆವು. ಕೈಯಲ್ಲಿ ಮಾಡಿದ ಗೊಂಬೆಯ ಬಗ್ಗೆ ದೊಡ್ಡವರು ಏನೇನೋ ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಇದೇ, ಅದು ಹಾಳಾಗುತ್ತೆ ಅಂತ ಟೀಚರಿಗೆ ಹೆದರಿಕೆ ಇರುವುದಿಲ್ಲ. ಟೀಚರಿಗೆ ಹೆದರಿಕೆ ಇಲ್ಲದಿದ್ದರೆ ಮಗುವಿನ ಕೈಗೆ ಗೊಂಬೆ ಬರುತ್ತೆ.

ಆಮೇಲೆ ನಾವಿಬ್ಬರೂ ಸೇರಿ ಆರು ಗೊಂಬೆ ಮಾಡಿದೆವು. ಮಕ್ಕಳು ಅವುಗಳ ಜೊತೆ ಏನು ಆಡುತ್ತಿದ್ದರು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ "ಸುಮ್ನೆ ಆಟ" ಅನ್ನುವವರು ಒಮ್ಮೆಯಾದರೂ ಪಕ್ಕದಲ್ಲಿ ಕೂತು ಕೇಳಿರುವುದಿಲ್ಲ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತೇವಲ್ಲ, ಆಗ ನಮ್ಮಲ್ಲಿ ತೊಲೆಗೆ ತಕ್ಕಡಿ ಕಟ್ಟಿ, ಜೋಲಿಯಲ್ಲಿ ಕೂರಿಸಿ ತೂಗುತ್ತಿದ್ದೆವು. ಅದು ಮುಗಿದ ಮೇಲೆ ಗೊಂಬೆಗಳ ಸರದಿ. ಕಿಟಕಿ ಸರಳಿಗೆ ದಾವಣಿ ತುಂಡು ಕಟ್ಟಿ ಅದರಲ್ಲಿ ಗೊಂಬೆ ಕೂರಿಸಿ, ಒಬ್ಬಳು ಕಡ್ಡಿಯಿಂದ ನೆಲದ ಮೇಲೆ ಬರೆದುಕೊಳ್ಳುವಳು. "ಈ ಕೂಸಿಗೆ ತೂಕ ಇಲ್ಲ. ಮೊಟ್ಟೆ ಕೊಡ್ರಿ, ದಿನಾ ಕೊಡ್ರಿ" ಅಂತ ಇನ್ನೊಬ್ಬಳಿಗೆ ಬೈಯುವಳು. ಅದು ನನ್ನದೇ ದನಿ. ತಾಯಂದಿರಿಗೆ ನಾನು ಹಾಗೇ ಮಾತಾಡುತ್ತಿದ್ದೆ ಅಂತ ನನಗೆ ಗೊತ್ತಾಗಿದ್ದು ಆ ನಾಲ್ಕು ವರ್ಷದ ಮಗುವಿನ ಬಾಯಿಂದ. ಮುಂದಿನ ತಿಂಗಳಿಂದ ನಾನು ತಾಯಂದಿರನ್ನು ಕೂರಿಸಿಕೊಂಡು ಮೆತ್ತಗೆ ಮಾತಾಡಿದೆ.

ಗೊಂಬೆಗೆ ಇಂಜೆಕ್ಷನ್ ಆಗುತ್ತಿತ್ತು. ಗೊಂಬೆ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಮಂಡಕ್ಕಿ ತಿಂದು ಬರುತ್ತಿತ್ತು. ಗೊಂಬೆ ರೇಷನ್ ಅಂಗಡಿಗೆ ಹೋಗಿ, ಮಿಷನ್ ಹೆಬ್ಬೆಟ್ಟು ತಗೊಳ್ಳದೆ, ಅಕ್ಕಿ ಸಿಗದೆ ವಾಪಸ್ ಬರುತ್ತಿತ್ತು, ಆಗ ಅವರವ್ವ "ನಾಳೆ ಸರ್ವರ್ ಬರ್ತೈತೆ, ಅಳಬೇಡ" ಅನ್ನುವಳು. ಎಣಿಕೆ, ದಾರಿ, ದುಡ್ಡು, ಸರದಿ, ಸಮಾಧಾನ, ಎಲ್ಲ ಅಲ್ಲೇ ಇತ್ತು. ನಾನು ಯಾವ ಚಾರ್ಟ್ ಹಿಡಿದೂ ಅಷ್ಟು ಕಲಿಸಿರಲಿಲ್ಲ.

ಒಬ್ಬ ಹುಡುಗನನ್ನು ಮರೆಯೋಕೆ ಆಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅವನ ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಗುಳೆ ಹೋದರು, ಇವನನ್ನು ಅಜ್ಜಿ ಹತ್ತಿರ ಬಿಟ್ಟರು. ಎರಡು ತಿಂಗಳು ಅವನು ಕೇಂದ್ರದಲ್ಲಿ ಒಂದು ಮಾತಾಡಲಿಲ್ಲ. ಹಾಡು ಹೇಳಿಸಿದೆ, ಬಣ್ಣ ಕೊಟ್ಟೆ, ಬಯ್ದೂ ನೋಡಿದೆ. ಆಮೇಲೆ ಅವನು ದಿನಾ ಒಂದೇ ಗೊಂಬೆ ತಗೊಂಡು ಬಾಗಿಲ ಮೂಲೆಗೆ ಹೋಗತೊಡಗಿದ. ಗೊಂಬೆಯನ್ನು ಚೀಲದಲ್ಲಿ ಹಾಕುವನು, ಹೊಸ್ತಿಲ ಆಚೆ ಇಡುವನು, ಸ್ವಲ್ಪ ಹೊತ್ತು ಬಿಟ್ಟು ಒಳಗೆ ತರುವನು. ಮತ್ತೆ ಆಚೆ, ಮತ್ತೆ ಒಳಗೆ. ವಾರಗಟ್ಟಲೆ ಅದೇ. ನಾನು ಮಧ್ಯೆ ಹೋಗಲಿಲ್ಲ. ಅಕ್ಕ ಕೂಡ ಯಾರಿಗೂ ಹೋಗಗೊಡಲಿಲ್ಲ. ಒಂದು ದಿನ ಗೊಂಬೆಯನ್ನು ಒಳಗೆ ತಂದವನು ಗಟ್ಟಿಯಾಗಿ "ಬಂದ್ಲು" ಅಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಅಮ್ಮ ಬಂದಿದ್ದು ಇನ್ನೂ ಎರಡು ತಿಂಗಳಾದ ಮೇಲೆ. ಅಷ್ಟರಲ್ಲಿ ಹುಡುಗ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದ.

ನಮ್ಮ ಗೊಂಬೆಗಳಿಗೆ ಮುಖ ಇರಲಿಲ್ಲ ಅಂತಲೇ ಹೇಳಬೇಕು. ಕಣ್ಣಿಗೆ ಎರಡು ಸಣ್ಣ ದಾರದ ಹೊಲಿಗೆ, ಬಾಯಿಗೆ ಇನ್ನೊಂದು, ಅಷ್ಟೇ. ಚೆನ್ನಾಗಿ ಬಿಡಿಸೋಕೆ ನನಗೆ ಬರುತ್ತಿರಲಿಲ್ಲ, ಅದಕ್ಕೆ ಹಾಗೆ ಬಿಟ್ಟಿದ್ದೆ. ಆದರೆ ಒಂದೇ ಗೊಂಬೆಯನ್ನು ನೋಡಿ ಒಬ್ಬಳು "ಅಳ್ತೈತೆ" ಅಂದರೆ, ಹತ್ತು ನಿಮಿಷಕ್ಕೆ ಇನ್ನೊಬ್ಬ "ನಗ್ತೈತೆ ನೋಡು" ಅನ್ನುತ್ತಿದ್ದ. ಪ್ಲಾಸ್ಟಿಕ್ ಗೊಂಬೆ ಯಾವಾಗಲೂ ನಗುತ್ತಿತ್ತು. ಅದಕ್ಕೆ ಜ್ವರ ಬರಿಸೋದು ಕಷ್ಟ, ಅಲ್ವಾ?

ಮುಂದೆ ಒಂದು ತರಬೇತಿಯಲ್ಲಿ ವಾಲ್ಡಾರ್ಫ್ ಗೊಂಬೆ ಅನ್ನೋ ಮಾತು ಕಿವಿಗೆ ಬಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್ ಊರಿನಲ್ಲಿ 1919ರಲ್ಲಿ ರುಡಾಲ್ಫ್ ಸ್ಟೈನರ್ ಅನ್ನುವವರು ಒಂದು ಸಿಗರೇಟ್ ಕಾರ್ಖಾನೆಯ ಕೆಲಸಗಾರರ ಮಕ್ಕಳಿಗೆ ಶಾಲೆ ಶುರು ಮಾಡಿದರು. ಕಾರ್ಖಾನೆಯ ಹೆಸರು ವಾಲ್ಡಾರ್ಫ್ ಆಸ್ಟೋರಿಯಾ, ಅದೇ ಹೆಸರು ಶಾಲೆಗೂ ಬಂತು. ಆ ಪದ್ಧತಿಯ ಶಾಲೆಗಳಲ್ಲಿ ಸಣ್ಣ ಮಕ್ಕಳಿಗೆ ಕೊಡುವುದು ಹತ್ತಿ ಬಟ್ಟೆಯ ಮೈ, ಉಣ್ಣೆ ತುಂಬಿದ ಹೊಟ್ಟೆ, ಚುಕ್ಕಿಯಂಥ ಕಣ್ಣು ಬಾಯಿ ಇರುವ ಗೊಂಬೆ. ಬೇಕು ಅಂತಲೇ ಮುಖವನ್ನು ಪೂರ್ತಿ ಮಾಡುವುದಿಲ್ಲ. ಉಳಿದದ್ದನ್ನು ಮಗು ತುಂಬಿಕೊಳ್ಳಲಿ ಅಂತ. ಇದನ್ನು ಕೇಳಿದಾಗ ನನಗೆ ನಮ್ಮಪ್ಪ ನೆನಪಾದರು. ಅವರು ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ಕೂಲಿಗಿದ್ದರು, ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಮಿಲ್ಲಿನಿಂದ ಬರುವಾಗ ಜೇಬಿನಲ್ಲಿ ಒಂದು ಹಿಡಿ ವೇಸ್ಟ್ ಹತ್ತಿ ಇರುತ್ತಿತ್ತು, ಅಮ್ಮ ಹಳೇ ಪೆಟಿಕೋಟಿನ ತುಂಡಿಗೆ ಅದನ್ನು ತುಂಬಿ ನಮಗೆ ಗೊಂಬೆ ಕಟ್ಟಿ ಕೊಡುತ್ತಿದ್ದರು. ನನ್ನ ಗೊಂಬೆಗೂ ಮುಖ ಇರಲಿಲ್ಲ. ಮಿಲ್ಲುಗಳು ಮುಚ್ಚಿದವು, ಅಪ್ಪ ಹೋದರು, ಆ ಗೊಂಬೆಯ ಎಣ್ಣೆ ಕಮಟು ವಾಸನೆ ಮಾತ್ರ ನನಗೆ ಈಗಲೂ ಗೊತ್ತು.

ಬಣ್ಣದ ವಿಷಯಕ್ಕೂ ಬರಬೇಕು. ಇದನ್ನು ಬಿಟ್ಟರೆ ನನ್ನ ಪತ್ರ ಅರ್ಧ. ಆ ಬಿಳಿ ಪ್ಲಾಸ್ಟಿಕ್ ಗೊಂಬೆ ಹೊರಗಿದ್ದ ಮೂರು ದಿನದಲ್ಲೇ ಒಂದು ಹುಡುಗಿ ತನ್ನ ಕೈಯನ್ನು ಅದರ ಕೈ ಪಕ್ಕ ಇಟ್ಟು ನೋಡಿ "ಇದು ಚೆಂದ, ನಾನು ಕರಿ" ಅಂದಿದ್ದಳು. ಆಗ ನಾನು ನಕ್ಕು ಸುಮ್ಮನಾಗಿದ್ದೆ. ಅದು ತಪ್ಪು. ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಅನ್ನೋ ಕಪ್ಪು ಜನಾಂಗದ ಗಂಡ ಹೆಂಡತಿ ಇಬ್ಬರು ಇದನ್ನೇ ಹಿಡಿದು ನೋಡಿದರು. ಇಬ್ಬರೂ ಮನಶ್ಶಾಸ್ತ್ರ ಓದಿದವರು. ಸಣ್ಣ ಮಕ್ಕಳ ಮುಂದೆ ಒಂದೇ ಥರದ ಗೊಂಬೆ ಇಟ್ಟರು, ಬಣ್ಣ ಮಾತ್ರ ಬೇರೆ, ಕೆಲವು ಬಿಳಿ, ಕೆಲವು ಕಂದು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು, ಯಾವುದು ನಿನ್ನ ಹಾಗಿದೆ ಅಂತ ಕೇಳಿದರು. ಕಪ್ಪು ಮಕ್ಕಳಲ್ಲೇ ಜಾಸ್ತಿ ಮಕ್ಕಳು ಬಿಳಿ ಗೊಂಬೆಯನ್ನು ಒಳ್ಳೆಯದು ಅಂದರು. ನಿನ್ನ ಹಾಗಿರೋದು ಯಾವುದು ಅನ್ನೋ ಪ್ರಶ್ನೆಗೆ ಕೆಲವು ಮಕ್ಕಳು ಅತ್ತುಬಿಟ್ಟರು. ಬಿಳಿ ಮಕ್ಕಳಿಗೆ, ಕಪ್ಪು ಮಕ್ಕಳಿಗೆ ಬೇರೆ ಬೇರೆ ಶಾಲೆ ಇಡುವುದು ತಪ್ಪು ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಇವರ ಕೆಲಸವನ್ನೂ ಉಲ್ಲೇಖಿಸಿತು. ಗೊಂಬೆ ಸಣ್ಣ ವಸ್ತು ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಜಗಳೂರಿನ ಬಿಸಿಲಿನಲ್ಲಿ ಬೆಳೆದ ಮಗುವಿಗೆ ಜಗಳೂರಿನ ಬಣ್ಣದ ಗೊಂಬೆ ಬೇಕು. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಮನೆಯಲ್ಲಿ ಮಾಡೋದು ಬಹಳ ಸುಲಭ. ಬಿಳಿ ಬನಿಯನ್ ಬಟ್ಟೆಯನ್ನು ಟೀ ಪುಡಿ ಕುದಿಸಿದ ನೀರಿನಲ್ಲಿ ನೆನೆಸಿ. ಹತ್ತು ನಿಮಿಷಕ್ಕೆ ಒಂದು ಬಣ್ಣ, ಒಂದು ಗಂಟೆಗೆ ಇನ್ನೊಂದು, ಎರಡು ಸಲ ಅದ್ದಿದರೆ ಮತ್ತೊಂದು. ಒಂದು ತರಗತಿಯಲ್ಲಿರುವ ಎಲ್ಲ ಕೆನ್ನೆಗಳ ಬಣ್ಣವೂ ಬರುತ್ತೆ.

ಇನ್ನು ಓದುವ ಬರೆಯುವ ಚಿಂತೆ. ತಾಯಿ ತಂದೆಯರ ಆತಂಕ ಸುಳ್ಳಲ್ಲ. ಒಂದನೇ ತರಗತಿಗೆ 6 ವರ್ಷ ತುಂಬಬೇಕೋ, 5 ವರ್ಷ 5 ತಿಂಗಳಾದರೆ ಸಾಕೋ ಅಂತ 2025ರಲ್ಲಿ ಎಷ್ಟು ಗಲಾಟೆ ಆಯಿತು ನೋಡಿ. ಒಂದು ವರ್ಷ ಹಿಂದೆ ಬಿದ್ದರೆ ಜೀವನವೇ ಹೋಯಿತು ಅನ್ನೋ ಹಾಗೆ ಮಾತಾಡಿದೆವು. ಆದರೆ ಆಟಕ್ಕೂ ಅಕ್ಷರಕ್ಕೂ ಇರುವ ನಂಟನ್ನು ರಷ್ಯಾದ ಲೆವ್ ವೈಗೋಟ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1930ರ ದಶಕದಲ್ಲೇ ಹೇಳಿದ್ದಾರೆ. ಮಗು ಕೋಲನ್ನು ಕುದುರೆ ಮಾಡಿಕೊಂಡು ಓಡುತ್ತೆ. ಆಗ ಅದು ಕೋಲಿನಿಂದ ಕುದುರೆ ಅನ್ನೋ ಅರ್ಥವನ್ನು ಬೇರೆ ಮಾಡಿ ಹಿಡಿಯೋಕೆ ಕಲಿಯುತ್ತಿರುತ್ತೆ. ಬಟ್ಟೆಯ ಗಂಟನ್ನು ಕೂಸು ಅಂತ ಒಪ್ಪಿಕೊಂಡ ಮಗು, ನಾಳೆ ಒಂದು ಸೊಟ್ಟ ಗೆರೆಯನ್ನು 'ಅ' ಅಂತ ಒಪ್ಪಿಕೊಳ್ಳೋಕೆ ತಯಾರಾಗುತ್ತಿದೆ. ಬೆಂಚಿನ ಮೇಲೆ ಎರಡು ನಿಮಿಷ ಕೂರದ ಮಗು, ಗೊಂಬೆ ಮಲಗಿದೆ ಅಂತ ಕಾಲು ಗಂಟೆ ಸದ್ದಿಲ್ಲದೆ ಕೂತಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಆಟದಲ್ಲಿ ಮಗು ತನಗಿಂತ ಒಂದು ತಲೆ ಎತ್ತರ ನಿಂತಿರುತ್ತೆ ಅಂತ ಅದೇ ಮಹನೀಯರು ಹೇಳಿದ್ದು.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಇಟಲಿಯ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸರಿ ಅವರು ಕಲ್ಪನೆಯ ಆಟಕ್ಕೆ ಅಷ್ಟು ಜಾಗ ಕೊಡಲಿಲ್ಲ. 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಮಕ್ಕಳ ಮನೆಯಲ್ಲಿ ಮಕ್ಕಳು ಗೊಂಬೆಗಿಂತ ನಿಜವಾದ ಕೆಲಸವನ್ನೇ ಇಷ್ಟಪಟ್ಟರು ಅಂತ ಅವರು ಕಂಡುಕೊಂಡರು. 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು, ಎಷ್ಟೋ ಟೀಚರುಗಳನ್ನು ತಯಾರು ಮಾಡಿದರು. ಅವರ ಮಾತನ್ನು ನಾನು ಗೌರವಿಸುತ್ತೇನೆ. ಅವರೆಕಾಯಿ ಸುಲಿಯೋದು, ಲೋಟ ತೊಳೆಯೋದು, ಚಾಪೆ ಸುತ್ತೋದು ಮಕ್ಕಳಿಗೆ ನಿಜವಾಗಿಯೂ ಇಷ್ಟ. ನಾನು ನೋಡಿದ್ದು ಇಷ್ಟು, ಬೆಳಿಗ್ಗೆ ಅವರೆಕಾಯಿ ಸುಲಿದ ಮಕ್ಕಳೇ ಮಧ್ಯಾಹ್ನ ಗೊಂಬೆಗೆ ಅವರೆಕಾಳು ಸಾರು ಮಾಡಿ ಉಣ್ಣಿಸುತ್ತಿದ್ದರು. ಕೆಲಸ ಮತ್ತೆ ಆಟವಾಗಿ ಬರುತ್ತಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಮಕ್ಕಳು ನನಗೆ ಯಾವತ್ತೂ ಹೇಳಲಿಲ್ಲ.

ನಮ್ಮವರೇನೂ ಕಡಿಮೆ ಮಾಡಿಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಆಮೇಲೆ ಅನುತಾಯಿ ವಾಘ್ ಜೊತೆ ಸೇರಿ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ್ ಕಡೆ ಆದಿವಾಸಿ ಮಕ್ಕಳ ಅಂಗಳಕ್ಕೇ ಹೋಗಿ ಕಲಿಸಿದರು. ಅಲ್ಲೇ ಸಿಗುವ ಸಾಮಾನಿನಲ್ಲೇ ಆಟ ಪಾಠ ನಡೆಸಿದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರಕ್ಕೆ ಬಂದ ಯೋಜನೆ, ಅಂಗನವಾಡಿ ಅನ್ನೋ ಹೆಸರಿನಲ್ಲೇ ಆ ಅಂಗಳವನ್ನು ಇಟ್ಟುಕೊಂಡಿದೆ. ಈಗ 2020ರ ಶಿಕ್ಷಣ ನೀತಿಯಲ್ಲೂ 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಪಾಠ ಅಂತ ಬರೆದಿದೆ. 2022ರ ಪಠ್ಯಕ್ರಮ ಚೌಕಟ್ಟು ಅದನ್ನೇ ಹೇಳುತ್ತೆ. 2023ರ ಫೆಬ್ರವರಿಯಲ್ಲಿ ಜಾದೂಯಿ ಪಿಟಾರಾ ಅಂತ ಒಂದು ಆಟಿಕೆ ಪೆಟ್ಟಿಗೆಯೂ ಬಿಡುಗಡೆ ಆಯಿತು. ಕಾಗದದ ಮೇಲೆ ಎಲ್ಲ ಸರಿ ಇದೆ. ಪೆಟ್ಟಿಗೆ ಎಲ್ಲಿಂದಲೇ ಬರಲಿ, ಅದನ್ನು ತೆಗೆದು ಕೊಡುವ ಟೀಚರಿಗೆ "ಮುರಿದರೆ ಪರವಾಗಿಲ್ಲಮ್ಮ" ಅಂತ ಮೇಲಿನವರು ಒಂದು ಮಾತು ಹೇಳಬೇಕು. ಆ ಮಾತು ನನ್ನ 29 ವರ್ಷದಲ್ಲಿ ನನಗೆ ಒಬ್ಬರೇ ಒಬ್ಬ ಮೇಲ್ವಿಚಾರಕಿ ಹೇಳಿದರು. ಅವರಿದ್ದ ಎರಡು ವರ್ಷ ನಮ್ಮ ಬೀರುವಿಗೆ ಬೀಗ ಇರಲಿಲ್ಲ.

ಚನ್ನಪಟ್ಟಣದ ಬೊಂಬೆ ಇಲ್ವಾ ಅಂತ ಕೆಲವರು ಕೇಳುತ್ತಾರೆ. ಇದೆ, ಬಹಳ ಒಳ್ಳೆಯದು. ಹಾಲೆ ಮರ, ಅರಗಿನ ಬಣ್ಣ, ಉರುಳಿಸೋಕೆ, ಜೋಡಿಸೋಕೆ ಅದನ್ನು ಮೀರಿದ್ದಿಲ್ಲ. ಕೊಪ್ಪಳದ ಕಿನ್ನಾಳದ ಗೊಂಬೆ ನೋಡೋಕೆ ಕಣ್ಣು ಸಾಲದು. ಆದರೆ ಅಪ್ಪಿಕೊಂಡು ಮಲಗೋಕೆ ಮೆತ್ತಗಿರಬೇಕು. ದಸರಾ ಗೊಂಬೆ ಮೆಟ್ಟಿಲ ಮೇಲೆ ಕೂರುತ್ತೆ, ಮುಟ್ಟಬೇಡ ಅನ್ನುತ್ತೇವೆ. ನಮ್ಮ ಕಡೆ ಇನ್ನೊಂದು ದಾರಿಯೂ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳೇ ಎತ್ತು ಮಾಡುತ್ತಿದ್ದರು, ಗಣೇಶ ಹೋದ ಮೇಲೆ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರ ಬರುತ್ತಿದ್ದ, ಮಳೆ ಬಾರದಿದ್ದರೆ ಮಣ್ಣಿನ ಮಳೆರಾಯನನ್ನು ಮಾಡಿ ಹುಡುಗರು ತಲೆ ಮೇಲೆ ಹೊತ್ತು ಮನೆ ಮನೆಗೆ ಬರುತ್ತಿದ್ದರು, ನಾವು ನೀರು ಸುರಿಯುತ್ತಿದ್ದೆವು. ಕೈಯಲ್ಲಿ ಮಾಡಿದ್ದು, ಕೆಲಸ ಮುಗಿದ ಮೇಲೆ ಮಣ್ಣಿಗೇ ಹೋಗಿದ್ದು. ಗೊಂಬೆಯನ್ನು ಮಕ್ಕಳ ಕೈಗೆ ಕೊಡೋಕೆ ಹೆದರದ ಊರು ನಮ್ಮದು.

ಮಾಡೋದು ಹೇಗೆ ಅಂತ ತಿಳಿದವರು ತಿಳಿಯದವರಿಗೆ ಹೇಳಿಕೊಡಿ, ನಾನು ಮಾಡುವ ಬಗೆ ಹೀಗೆ. ಹಳೇ ಕಾಟನ್ ಸೀರೆ ಎಲ್ಲಕ್ಕಿಂತ ಒಳ್ಳೆಯದು, ಒಗೆದು ಒಗೆದು ಮೆತ್ತಗಾಗಿರುತ್ತೆ, ಬಣ್ಣ ಬಿಡುವುದಿಲ್ಲ. ತಲೆಗೆ ಮಾತ್ರ ಬನಿಯನ್ ಬಟ್ಟೆ, ಎಳೆದರೆ ಎಳೆಯುವಂಥದ್ದು. ಒಳಗೆ ದಿಂಬಿನ ಹತ್ತಿಯನ್ನು ಬಿಡಿಸಿ, ಬಿಸಿಲಿಗೆ ಹಾಕಿ ತುಂಬಿ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಹತ್ತಿರ ಕುರಿ ಉಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು, ಅಪ್ಪಿಕೊಂಡರೆ ಮೈ ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ಚೆನ್ನಾಗಿ ತೊಳೆದು ಒಣಗಿಸಿ ಹಾಕಬೇಕು. ಕೆಲವರು ಭಾರಕ್ಕೆ ಅಂತ ರಾಗಿ ತುಂಬುತ್ತಾರೆ. ನಾನೂ ತುಂಬಿದ್ದೆ, ಮಳೆಗಾಲದಲ್ಲಿ ಹುಳ ಬಿತ್ತು, ಬೇಡ. ಕುತ್ತಿಗೆಗೆ ದಪ್ಪ ದಾರವನ್ನು ಎರಡು ಸುತ್ತು ಬಿಗಿದು ಕಟ್ಟಿ, ಒಳಗೆ ಹೊಲಿಗೆ ಹಾಕಿ, ಮಕ್ಕಳು ಎತ್ತಿಕೊಳ್ಳುವುದೇ ಕುತ್ತಿಗೆ ಹಿಡಿದು. ಕಣ್ಣಿಗೆ ಗುಂಡಿ ಹಾಕಲೇಬೇಡಿ. ಮಣಿ, ಮಿಂಚು ಕೂಡ ಬೇಡ. 3 ವರ್ಷದೊಳಗಿನ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತವೆ, ಕಿತ್ತು ಬಂದ ಗುಂಡಿ ಗಂಟಲಿಗೆ ಸಿಕ್ಕರೆ ಉಸಿರು ಕಟ್ಟುತ್ತೆ. ದಾರದ ಹೊಲಿಗೆಯೇ ಕಣ್ಣು. ಕೂದಲಿಗೆ ಉಲ್ಲನ್ ದಾರ, ಒಂದೊಂದು ಎಳೆಯನ್ನೂ ಹೊಲಿಗೆಯಲ್ಲಿ ಸೇರಿಸಿ. ತಿಂಗಳಿಗೊಮ್ಮೆ ಒಗೆಯಿರಿ. ಒಗೆಯುವ ಕೆಲಸವನ್ನು ಮಕ್ಕಳಿಗೇ ಬಿಡಿ, ಅವತ್ತು ನಿಮಗೆ ಬೇರೆ ಪಾಠ ಯೋಚಿಸುವ ಹಾಗಿರುವುದಿಲ್ಲ.

ದುಡ್ಡಿನ ಮಾತು ಬೇಡವೇ ಬೇಡ. ಚೌಕಿಪೇಟೆಯ ಯಾವ ಟೈಲರ್ ಅಂಗಡಿಗೆ ಹೋಗಿ ಚೀಲ ಹಿಡಿದರೂ ಚಿಂದಿ ತುಂಬಿ ಕೊಡುತ್ತಾರೆ. ಬಿಸಾಡೋಕೆ ಅಂತಲೇ ಇಟ್ಟಿರುತ್ತಾರೆ.

ಗಂಡು ಮಕ್ಕಳ ಬಗ್ಗೆ ಒಂದು ಮಾತು. ನಮ್ಮ ಹಳ್ಳಿಯಲ್ಲಿ ಒಬ್ಬ ತಂದೆ ಬಂದು, ನನ್ನ ಮಗ ಗೊಂಬೆ ತೂಗುತ್ತಾನಂತೆ, ಅವನಿಗೆ ಟ್ರ್ಯಾಕ್ಟರ್ ಕೊಡಿ ಅಂದರು. ಕೂತುಕೊಳ್ಳಿ, ಐದು ನಿಮಿಷ ನೋಡಿ ಅಂದೆ. ಹುಡುಗ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಾ "ಸಾಕು ಮಗಾ, ಸಾಕು, ನಾ ಬಂದೆ ಅಲ್ಲ" ಅನ್ನುತ್ತಿದ್ದ. ತಂದೆ ಸುಮ್ಮನೆ ಕೂತರು. ಮನೆಯಲ್ಲಿ ಮೂರು ತಿಂಗಳ ಕೂಸಿತ್ತು, ರಾತ್ರಿ ಅದನ್ನು ಎತ್ತಿಕೊಂಡು ತಿರುಗುತ್ತಿದ್ದವರು ಅವರೇ. ಮತ್ತೆ ಟ್ರ್ಯಾಕ್ಟರ್ ಮಾತು ಬರಲಿಲ್ಲ.

ನರ್ಸರಿ ನಡೆಸುವವರಿಗೆ, ಎಲ್‌ಕೆಜಿ ಮಿಸ್‌ಗಳಿಗೆ, ಅಂಗನವಾಡಿಯ ನನ್ನ ತಂಗಿಯರಿಗೆ ನಾನು ಕೈಮುಗಿದು ಕೇಳುವುದು ಸಣ್ಣದು. ಕೋಣೆಯ ಒಂದು ಮೂಲೆಗೆ ಚಾಪೆ ಹಾಸಿ. ಐದಾರು ಬಟ್ಟೆ ಗೊಂಬೆ, ಎರಡು ತುಂಡು ಸೀರೆ, ನಾಲ್ಕು ತೆಂಗಿನ ಚಿಪ್ಪು ಇಡಿ. ಮಕ್ಕಳು ಆಡುವಾಗ ಇದು ಯಾವ ಬಣ್ಣ, ಇದು ಎಷ್ಟು ಅಂತ ಕೇಳಬೇಡಿ. ಪಕ್ಕದಲ್ಲಿ ಕೂತು ಏನಾದರೂ ಹೊಲಿಯುತ್ತಿರಿ. ಜಗಳ ಕೈ ಮೀರಿದರೆ ಮಾತ್ರ ಎದ್ದು ಹೋಗಿ. ಬರೆದ ಪುಟ ತೋರಿಸಿ ಅಂತ ಪೋಷಕರು ಕೇಳಿದರೆ ಅವರನ್ನು ಆ ಚಾಪೆಯ ಹತ್ತಿರ ಕರೆದುಕೊಂಡು ಬಂದು ಕೂರಿಸಿ. ಮನೆಯಿಂದ ಮಗು ತಂದ ಗೊಂಬೆಯನ್ನು ಬ್ಯಾಗಿಗೆ ಹಾಕಿ ವಾಪಸ್ ಕಳಿಸಬೇಡಿ, ಎಷ್ಟು ಹಳೆಯದಾದರೂ, ಎಷ್ಟು ಮಾಸಿದ್ದರೂ.

ಮೊಮ್ಮಗಳ ಗೊಂಬೆ ಈಗ ನನ್ನ ಹೊಲಿಗೆ ಮಿಷನ್ ಮೇಲಿದೆ, ಬ್ಯಾಗಿನಲ್ಲಿ ತುರುಕಿ ತಂದಿದ್ದಕ್ಕೆ ಎಡಗೈ ಹೊಲಿಗೆ ಬಿಟ್ಟಿತ್ತು, ಅದನ್ನು ಸರಿ ಮಾಡುತ್ತಿದ್ದೇನೆ. ನಾಳೆ ಮಗಳ ಜೊತೆ ನಾನೂ ಶಾಲೆಗೆ ಹೋಗುತ್ತೇನೆ. ಆ ಮಿಸ್‌ಗೆ ಅಂತ ಇನ್ನೂ ಐದು ಗೊಂಬೆ ಹೊಲಿದಿಟ್ಟಿದ್ದೇನೆ.

— ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ನಿಟುವಳ್ಳಿ, ದಾವಣಗೆರೆ